ಸುಣ್ಣ ಹಿಂದಿರುಗಿಸುವ ಶಾಖ

ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಮಕ್ಕಳು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಆರಂಭದಲ್ಲಿಯೇ ಓದುತ್ತಾರೆ. ಬೀಕರಿನಲ್ಲಿ ಸ್ವಲ್ಪ ಸುಣ್ಣ, ಅದರ ಮೇಲೆ ನಿಧಾನವಾಗಿ ನೀರು, ಹೊರಮೈ ಮುಟ್ಟಿ ನೋಡಿದರೆ ಬಿಸಿ. ಅಲ್ಲಿಗೆ ಬಹಿರುಷ್ಣಕ, ಅಂದರೆ ಶಾಖವನ್ನು ಹೊರಬಿಡುವ ಕ್ರಿಯೆ ಎಂದು ಬರೆದುಕೊಂಡು ಪಾಠ ಮುಂದಕ್ಕೆ ಸಾಗುತ್ತದೆ. ಪಿಯು ತರಗತಿಗಳಿಗೆ ರಸಾಯನಶಾಸ್ತ್ರ ಕಲಿಸುವ ನನಗೆ, ಆ ಬಿಸಿ ಎಲ್ಲಿಂದ ಬಂತು ಎಂದು ಕೇಳದೆ ಹೀಗೆ ಮುಂದಕ್ಕೆ ಹೋಗುವುದು ಎಂದೂ ಸಮಾಧಾನ ಕೊಟ್ಟಿಲ್ಲ. ಒಲೆಯಿಲ್ಲ, ಕರೆಂಟಿಲ್ಲ, ತಣ್ಣಗಿನ ಕಲ್ಲೊಂದಕ್ಕೆ ತಣ್ಣಗಿನ ನೀರು ತಾಗಿದೆ, ಅಷ್ಟೇ. ಆದರೂ ನೀರು ಕುದಿಯುತ್ತದೆ. ಈ ಪ್ರಶ್ನೆಯನ್ನು ಬೆನ್ನುಹತ್ತಿ ಹೋದರೆ ಅಡುಗೆಮನೆಯ ಗ್ಯಾಸ್ ಒಲೆ, ಮೆಟ್ರೊ ಕಂಬದ ಕಾಂಕ್ರೀಟು, ನಿಂಬೆ ಸೋಡಾದ ತಂಪು, ನಮ್ಮದೇ ಮೈಯ ಬಿಸಿ, ಇವೆಲ್ಲ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯಬಹುದಾದ ಸಂಗತಿಗಳೆಂದು ತಿಳಿಯುತ್ತದೆ.

ಚಾಮರಾಜಪೇಟೆಯಲ್ಲಿ ನಮ್ಮ ದೊಡ್ಡಪ್ಪನವರ ಹಳೆಯ ಮನೆಯ ಗೋಡೆಗಳನ್ನು ದುರಸ್ತಿ ಮಾಡಿಸಿದಾಗ ಸಿಮೆಂಟಿನ ಬದಲು ಸುಣ್ಣದ ಗಾರೆಯನ್ನೇ ಬಳಸಬೇಕೆಂದು ನಿರ್ಧರಿಸಿದ್ದೆವು. ಹಿತ್ತಲಿನಲ್ಲಿ ತೋಡಿದ ಗುಂಡಿಗೆ ನೀರು ತುಂಬಿಸಿ, ಮೇಸ್ತ್ರಿ ಸುಣ್ಣದ ಗಟ್ಟಿಗಳನ್ನು ಒಂದೊಂದಾಗಿ ಇಳಿಬಿಟ್ಟರು. ಮೊದಲ ಕೆಲವು ಕ್ಷಣ ಏನೂ ಆಗಲಿಲ್ಲ. ನೀರು ಕಲ್ಲಿನ ಸಣ್ಣ ರಂಧ್ರಗಳೊಳಗೆ ಇಳಿಯುವಾಗ ಸಣ್ಣಗೆ ಸುಯ್ ಎಂಬ ಸದ್ದಷ್ಟೇ ಕೇಳಿತು. ಬಳಿಕ ಗಟ್ಟಿಯ ಮೈಮೇಲೆ ಬಿರುಕು ಮೂಡಿತು, ಬಿರುಕಿನಿಂದ ಆವಿ ಎದ್ದಿತು, ಕಲ್ಲು ಉಬ್ಬಿ ಪದರಪದರವಾಗಿ ಒಡೆದು ಬಿಳಿಯ ಗಂಜಿಯಾಯಿತು, ಗುಂಡಿಯ ನೀರು ಕೊತಕೊತ ಕುದಿಯತೊಡಗಿತು. ಬಗ್ಗಿ ನೋಡುತ್ತಿದ್ದ ನನ್ನನ್ನು ಮೇಸ್ತ್ರಿ ತಡೆದರು: "ಹತ್ರ ಬರಬೇಡಿ ಸಾರ್, ಕಣ್ಣಿಗೆ ಹಾರಿದ್ರೆ ಕಷ್ಟ. ಕಾವು ಪೂರ್ತಿ ಇಳೀಲಿ, ಆಮೇಲೆ ನೋಡೋಣ." ಅವರ ಮಾತು ಅಕ್ಷರಶಃ ಸರಿ. ಸುಣ್ಣ ಪ್ರಬಲ ಪ್ರತ್ಯಾಮ್ಲ. ಬಿಸಿ ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಸುಣ್ಣದ ರಾಶಿಯ ಮೇಲೆ ನೀರು ಸುರಿಯದೆ ನೀರಿನೊಳಗೆ ಸುಣ್ಣವನ್ನು ಇಳಿಸಿದ್ದಕ್ಕೂ ಕಾರಣವಿದೆ. ಧಾರಾಳವಾದ ನೀರು ಶಾಖವನ್ನು ಹೀರಿಕೊಂಡು ನೂರು ಡಿಗ್ರಿಯ ಆಸುಪಾಸಿನಲ್ಲಿ ತಡೆದು ನಿಲ್ಲಿಸುತ್ತದೆ. ನೀರು ಕಡಿಮೆಯಾದರೆ ಸುಣ್ಣ ಇನ್ನೂ ಎಷ್ಟೋ ಹೆಚ್ಚು ಕಾಯುತ್ತದೆ. ಮಳೆಗೆ ನೆನೆದ ಸುಟ್ಟ ಸುಣ್ಣ ತನ್ನನ್ನು ಹೊತ್ತ ಮರದ ಹಡಗು, ಗಾಡಿಗಳಿಗೇ ಬೆಂಕಿ ಹಚ್ಚಿದ್ದುಂಟು.

ಎಷ್ಟು ಶಾಖ ಎಂದು ಲೆಕ್ಕ ಹಾಕಬಹುದು. ಒಂದು ಮೋಲ್ (ಕಣಗಳ ಸಂಖ್ಯೆಯನ್ನು ಲೆಕ್ಕವಿಡಲು ರಸಾಯನಶಾಸ್ತ್ರ ಬಳಸುವ ಅಳತೆ), ಅಂದರೆ 56 ಗ್ರಾಂ ಸುಟ್ಟ ಸುಣ್ಣ ನೀರಿನೊಂದಿಗೆ ಸೇರಿದಾಗ ಸುಮಾರು 65 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಒಂದು ಕಿಲೋ ಸುಣ್ಣಕ್ಕೆ ಇದು ಸುಮಾರು 1,150 ಕಿಲೋಜೂಲ್ ಆಗುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುವುದರಿಂದ, ಮಾಮೂಲಿ ಬಿಸಿಯ ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು 300 ಕಿಲೋಜೂಲ್ ಸಾಕು. ಹಾಗೆ ನೋಡಿದರೆ ಒಂದು ಕಿಲೋ ಸುಣ್ಣ, ಒಂದಿಷ್ಟೂ ಶಾಖ ಪೋಲಾಗದಿದ್ದರೆ, ಮೂರೂವರೆ ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು.

ಈ ಶಾಖದ ಮೂಲ ಸುಣ್ಣದ ಗೂಡಿನಲ್ಲಿದೆ. ಸುಣ್ಣಕಲ್ಲು ರಾಸಾಯನಿಕವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟಾಗ 100 ಗ್ರಾಂ ಕಲ್ಲಿನಿಂದ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಇದು ಶಾಖವನ್ನು ಹೀರುವ ಕ್ರಿಯೆ, ಅಂತರುಷ್ಣಕ. ಪ್ರತಿ ಮೋಲ್‌ಗೆ ಸುಮಾರು 178 ಕಿಲೋಜೂಲ್ ಬೇಕು. ಸೌದೆಯೋ ಕಲ್ಲಿದ್ದಲೋ ಬೆಂಕಿ ಆರಿಹೋದರೆ ಕ್ರಿಯೆ ನಿಂತುಹೋಗುತ್ತದೆ. ಸುಣ್ಣಗಾರರು ಹಗಲಿರುಳು ಗೂಡನ್ನು ಕಾಯುತ್ತಿದ್ದುದು ಈ ಕಾರಣಕ್ಕೆ.

ಹದಿನೆಂಟನೆಯ ಶತಮಾನದ ಮಧ್ಯದವರೆಗೆ ಯುರೋಪಿನ ಎಷ್ಟೋ ರಸಾಯನಜ್ಞರು, ಗೂಡಿನ ಬೆಂಕಿಯ ಅಂಶವೇ ಕಲ್ಲಿನೊಳಗೆ ಸೇರಿಕೊಳ್ಳುವುದರಿಂದ ಸುಣ್ಣಕ್ಕೆ ಆ ಉರಿ, ಆ ಖಾರ ಬರುತ್ತದೆಂದು ನಂಬಿದ್ದರು. ನೀರು ಹಾಕಿದೊಡನೆ ಕುದಿಯುವುದನ್ನು ಕಣ್ಣಾರೆ ಕಂಡವರಿಗೆ ಹಾಗೆ ತೋಚಿದ್ದರಲ್ಲಿ ಆಶ್ಚರ್ಯವಿಲ್ಲ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ತಕ್ಕಡಿ ಹಿಡಿದು ಈ ನಂಬಿಕೆಯನ್ನು ಪರೀಕ್ಷಿಸಿದರು. 1756ರಲ್ಲಿ ಪ್ರಕಟವಾದ ಅವರ ಪ್ರಯೋಗಗಳು, ಸುಟ್ಟಾಗ ಕಲ್ಲಿನ ತೂಕ ಇಳಿಯುತ್ತದೆಂದೂ ಹೊರಹೋಗುವುದು ಒಂದು ಬಗೆಯ ವಾಯುವೆಂದೂ ತೋರಿಸಿದವು. ನಾವಿಂದು ಇಂಗಾಲದ ಡೈಆಕ್ಸೈಡ್ ಎನ್ನುವುದು ಅದನ್ನೇ. ಸುಣ್ಣದ ಖಾರಕ್ಕೆ ಬೆಂಕಿಯ ಪ್ರವೇಶ ಕಾರಣವಾಗಿರಲಿಲ್ಲ, ವಾಯುವಿನ ನಿರ್ಗಮನ ಕಾರಣವಾಗಿತ್ತು. ಇದೇ ಬ್ಲ್ಯಾಕ್ ಮುಂದೆ ಮಂಜುಗಡ್ಡೆ ಕರಗುವಾಗ ಬಿಸಿಯೇರದೆಯೇ ಶಾಖವನ್ನು ನುಂಗುತ್ತದೆಂದು ಅಳೆದು ತೋರಿಸಿ, ಶಾಖ ಬೇರೆ, ಉಷ್ಣತೆ ಬೇರೆ ಎಂಬ ತಿಳಿವಳಿಕೆಗೆ ಅಡಿಪಾಯ ಹಾಕಿದರು. ಸುಣ್ಣ ಮತ್ತು ಶಾಖ ಎರಡನ್ನೂ ಒಬ್ಬರೇ ಅಷ್ಟು ಶ್ರದ್ಧೆಯಿಂದ ತೂಗಿ ಅಳೆದದ್ದು ರಸಾಯನಶಾಸ್ತ್ರದ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಭಾಗ.

ಆದರೂ ಆ ಹಳಬರ ನಂಬಿಕೆಯಲ್ಲಿ ಒಂದು ಎಳೆ ನಿಜವಿತ್ತು. ಬೆಂಕಿಯ ಕಣಗಳು ಕಲ್ಲಿಗೆ ಸೇರದಿದ್ದರೂ, ಗೂಡಿನಲ್ಲಿ ಖರ್ಚಾದ ಶಾಖದ ಲೆಕ್ಕ ಮುಗಿದಿರುವುದಿಲ್ಲ. ಗುಂಡಿಯಲ್ಲಿ ಮೊದಲ ಕಂತಾಗಿ 65 ಕಿಲೋಜೂಲ್ ಹಿಂದಿರುಗುತ್ತದೆ. ಅರಳಿದ ಸುಣ್ಣ ಗೋಡೆಗೆ ಏರಿದ ಮೇಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮರಳಿ ಸುಣ್ಣಕಲ್ಲಾಗುತ್ತದೆ. ಆಗ ಎರಡನೆಯ ಕಂತಾಗಿ ಸುಮಾರು 113 ಕಿಲೋಜೂಲ್ ಹೊರಬರುತ್ತದೆ. 65 ಮತ್ತು 113 ಕೂಡಿಸಿದರೆ 178. ಗೂಡಿನಲ್ಲಿ ಕಲ್ಲು ಹೀರಿದ್ದು ಎಷ್ಟೋ ಅಷ್ಟು. ಕಲ್ಲಿನಿಂದ ಹೊರಟು ಕಲ್ಲಿಗೇ ಮರಳಿದ ಈ ಸುತ್ತಿನಲ್ಲಿ ಒಂದು ಕಿಲೋಜೂಲೂ ಹೆಚ್ಚುಕಡಿಮೆಯಾಗುವುದಿಲ್ಲ.

ಹೀಗೆ ಆಗಲೇಬೇಕು ಎಂಬುದನ್ನು 1840ರಲ್ಲಿ ನಿಯಮವಾಗಿ ಮಂಡಿಸಿದವರು ಜರ್ಮೇನ್ ಹೆಸ್. 1802ರಲ್ಲಿ ಜಿನೀವಾದಲ್ಲಿ ಹುಟ್ಟಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸ ಮಾಡಿದ ಅವರು, ಕ್ರಿಯೆ ಒಂದೇ ಹಂತದಲ್ಲಿ ನಡೆಯಲಿ, ಹಲವು ಹಂತಗಳಲ್ಲಿ ನಡೆಯಲಿ, ಒಟ್ಟು ಶಾಖ ಒಂದೇ ಎಂದು ಸಾರಿದರು. ಶಕ್ತಿಯ ಸಂರಕ್ಷಣೆಯ ತತ್ತ್ವ ಇನ್ನೂ ಸ್ಪಷ್ಟ ರೂಪ ಪಡೆಯದ ಕಾಲದಲ್ಲಿ ಕೇವಲ ಶಾಖವನ್ನು ಅಳೆದಳೆದು ತಲುಪಿದ ತೀರ್ಮಾನ ಅದು. ಪರೀಕ್ಷೆಗೆ ಸಮೀಕರಣಗಳನ್ನು ತಿರುಗಿಸಿ ಕೂಡಿಸಿ ಕಳೆಯುವ ಒಂದು ಲೆಕ್ಕವಾಗಿ ಮಾತ್ರ ಹೆಸ್ ನಿಯಮವನ್ನು ಕಲಿತ ವಿದ್ಯಾರ್ಥಿಗಳಿಗೆ ನಾನು ವಾಷಿಂಗ್ ಸೋಡಾ ತಂದುಕೊಡುತ್ತೇನೆ. ನೀರಿನಂಶವಿಲ್ಲದ ಸೋಡಾ ಪುಡಿಯನ್ನು ನೀರಿಗೆ ಹಾಕಿದರೆ ಲೋಟ ಬೆಚ್ಚಗಾಗುತ್ತದೆ. ಅದೇ ಸೋಡಾದ ಪಾರದರ್ಶಕ ಹರಳುಗಳನ್ನು ಹಾಕಿದರೆ ಲೋಟ ತಣ್ಣಗಾಗುತ್ತದೆ. ಎರಡೂ ಸೋಡಿಯಂ ಕಾರ್ಬೊನೇಟೇ, ಕೊನೆಗೆ ಸಿಗುವ ದ್ರಾವಣವೂ ಒಂದೇ. ಹರಳು ರೂಪುಗೊಳ್ಳುವಾಗಲೇ ಒಂದೊಂದು ಘಟಕವೂ ಹತ್ತು ನೀರಿನ ಅಣುಗಳನ್ನು ಹಿಡಿದುಕೊಂಡು, ಆಗಲೇ ಶಾಖವನ್ನು ಹೊರಬಿಟ್ಟಾಗಿದೆ. ಪುಡಿ ಅದನ್ನು ಈಗ ನಮ್ಮ ಲೋಟದಲ್ಲಿ ಬಿಡುತ್ತಿದೆ. ಬಟ್ಟೆ ಒಗೆಯುವ ಪುಡಿಯನ್ನು ಒದ್ದೆ ಅಂಗೈಯಲ್ಲಿ ಹಿಡಿದಾಗ ಬೆಚ್ಚಗೆ ಅನ್ನಿಸುವುದೂ ಬಹುಮಟ್ಟಿಗೆ ಇದೇ ಕಾರಣಕ್ಕೆ.

ಇಲ್ಲಿ ಒಂದು ತಪ್ಪು ಕಲ್ಪನೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ವರ್ಷ ವರ್ಷವೂ ಅದನ್ನು ಉತ್ತರಪತ್ರಿಕೆಗಳಲ್ಲಿ ಓದುತ್ತೇನೆ. ಇಂಧನದ ರಾಸಾಯನಿಕ ಬಂಧಗಳಲ್ಲಿ ಶಾಖ ತುಂಬಿದೆ, ಬಂಧ ಮುರಿದಾಗ ಅದು ಹೊರಬರುತ್ತದೆ ಎಂದು ಮಕ್ಕಳು ಬರೆಯುತ್ತಾರೆ. ಸತ್ಯ ಇದಕ್ಕೆ ತದ್ವಿರುದ್ಧ. ಬಂಧ ಮುರಿಯಲು ಯಾವಾಗಲೂ ಶಕ್ತಿ ಬೇಕು. ಹೊಸ ಬಂಧ ಕೂಡಿಕೊಂಡಾಗ ಮಾತ್ರ ಶಕ್ತಿ ಹೊರಬರುತ್ತದೆ. ನಮ್ಮ ಸಿಲಿಂಡರಿನಲ್ಲಿರುವ ಅನಿಲಗಳಲ್ಲಿ ಒಂದಾದ ಪ್ರೊಪೇನನ್ನು ತೆಗೆದುಕೊಳ್ಳೋಣ. ಒಂದು ಮೋಲ್ ಪ್ರೊಪೇನ್ ಮತ್ತು ಅದಕ್ಕೆ ಬೇಕಾದ ಐದು ಮೋಲ್ ಆಮ್ಲಜನಕದ ಬಂಧಗಳನ್ನೆಲ್ಲ ಮುರಿಯಲು ಸುಮಾರು 6,500 ಕಿಲೋಜೂಲ್ ಖರ್ಚಾಗುತ್ತದೆ. ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಾವಿಯ ಬಂಧಗಳು ಕೂಡುವಾಗ ಸುಮಾರು 8,500 ಕಿಲೋಜೂಲ್ ಬರುತ್ತದೆ. ಈ ಎರಡರ ನಡುವಿನ ಸುಮಾರು 2,000 ಕಿಲೋಜೂಲೇ ನಮ್ಮ ಅನ್ನ ಬೇಯಿಸುವ ಶಾಖ. ಲೈಟರಿನ ಕಿಡಿ ಬೇಕಾಗುವುದೂ ಇದರಿಂದಲೇ: ಆರಂಭದ ಖರ್ಚನ್ನು ಯಾರಾದರೂ ಭರಿಸಬೇಕು, ಒಮ್ಮೆ ಹೊತ್ತಿಕೊಂಡರೆ ಉರಿಯುವ ಅನಿಲವೇ ಪಕ್ಕದ ಅನಿಲದ ಖರ್ಚನ್ನು ನೋಡಿಕೊಳ್ಳುತ್ತದೆ. ಆಮ್ಲಜನಕವನ್ನು ಲೆಕ್ಕದಿಂದ ಬಿಟ್ಟು, ಶಾಖವೆಲ್ಲ ಗ್ಯಾಸಿನೊಳಗೇ ಇತ್ತು ಎನ್ನುವುದು ಅರ್ಧ ಮಾತಷ್ಟೇ. ಸುಣ್ಣದ ವಿಷಯದಲ್ಲಿಯೂ ಹಾಗೆಯೇ: ಶಾಖ ಸುಣ್ಣದೊಳಗೆ ಅವಿತಿರಲಿಲ್ಲ, ಬೇರೆಬೇರೆಯಾಗಿದ್ದ ಸುಣ್ಣ ಮತ್ತು ನೀರಿನ ಶಕ್ತಿ, ಅವೆರಡೂ ಕೂಡಿದ ಮೇಲಿನ ಶಕ್ತಿಗಿಂತ ಹೆಚ್ಚಿತ್ತು.

ಎಷ್ಟು ಶಾಖ ಎಂಬುದರ ಜೊತೆಗೆ ಎಷ್ಟು ಹೊತ್ತಿನಲ್ಲಿ ಎಂಬುದೂ ಮುಖ್ಯ, ಮತ್ತು ಪಾಠಗಳಲ್ಲಿ ಕಡಿಮೆ ಗಮನ ಪಡೆಯುವುದು ಈ ಎರಡನೆಯ ಪ್ರಶ್ನೆ. ಗೋಡೆಯೊಳಗಿನ ಎರಡನೆಯ ಕಂತು ಗುಂಡಿಯ ಮೊದಲ ಕಂತಿಗಿಂತ ದೊಡ್ಡದು, ಆದರೆ ಗೋಡೆಯನ್ನು ಮುಟ್ಟಿದರೆ ಬಿಸಿಯಿರುವುದಿಲ್ಲ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು 2,000 ಕಿಲೋಜೂಲ್ ಎಂದಿಟ್ಟುಕೊಂಡು, ಅದು ಒಂದು ವರ್ಷದುದ್ದಕ್ಕೂ ಸಮನಾಗಿ ಹೊರಬಂದರೆ, ಒಂದು ವ್ಯಾಟ್‌ನ ಹದಿನೈದರಲ್ಲಿ ಒಂದು ಪಾಲಿನಷ್ಟೇ ಆಗುತ್ತದೆ. ಬೆಂಗಳೂರಿನ ಒಂದು ಬೆಳಗಿನ ಬಿಸಿಲಿನ ಮುಂದೆ ಅದು ಗಣನೆಗೇ ಬಾರದು. ಕ್ರಿಯೆ ನಡೆಯುತ್ತಿರುವುದು ನಿಜವೇ ಎಂದು ತಿಳಿಯಲು ಥರ್ಮಾಮೀಟರ್ ಪ್ರಯೋಜನಕ್ಕೆ ಬಾರದಿದ್ದರೂ, ಪ್ರತ್ಯಾಮ್ಲ ತಾಗಿದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ದ್ರಾವಣ ಬರುತ್ತದೆ. ಹೊಸ ಗಾರೆಯ ತುಣುಕೊಂದನ್ನು ಕೆಲವು ವಾರಗಳ ನಂತರ ಒಡೆದು, ಒಡೆದ ಮೈಗೆ ಆ ದ್ರಾವಣದ ಹನಿಗಳನ್ನು ಹಾಕಿದೆ. ನಡುಭಾಗ ಗಾಢ ಗುಲಾಬಿಗೆ ತಿರುಗಿತು. ಗಾಳಿಗೆ ತೆರೆದುಕೊಂಡಿದ್ದ ಅಂಚಿನಲ್ಲಿ ಮಾತ್ರ ತೆಳ್ಳನೆಯ ಬಣ್ಣವಿಲ್ಲದ ಗೆರೆಯಿತ್ತು. ಗುಲಾಬಿಯಿರುವಲ್ಲಿ ಇನ್ನೂ ಅರಳಿದ ಸುಣ್ಣವಿದೆ, ಬಣ್ಣವಿಲ್ಲದ ಅಂಚು ಆಗಲೇ ಕಲ್ಲಾಗಿದೆ, ಅಷ್ಟರ ಮಟ್ಟಿಗೆ ಶಾಖ ಹೊರಬಂದಿದೆ. 1868ರಲ್ಲಿ ಪೂರ್ಣಗೊಂಡ ಅಠಾರಾ ಕಚೇರಿಯಿಂದ ಹಿಡಿದು, 1898ರ ಪ್ಲೇಗಿನ ದಿನಗಳಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳವರೆಗೆ, ಸುಣ್ಣದ ಗೋಡೆಗಳೆಲ್ಲ ಹೀಗೆಯೇ ಯಾರ ಅರಿವಿಗೂ ಬಾರದಂತೆ ಶಾಖವನ್ನು ಹೊರಬಿಟ್ಟಿವೆ.

ಸಿಮೆಂಟಿನ ನಡತೆ ಬೇರೆ. ಸುಮಾರು 1,450 ಡಿಗ್ರಿಯಲ್ಲಿ ಸುಟ್ಟು ಪುಡಿಮಾಡಿದ ಸಿಮೆಂಟ್ ನೀರಿನೊಂದಿಗೆ ಸೇರಿ ಗಟ್ಟಿಯಾಗುವಾಗ ಪ್ರತಿ ಗ್ರಾಂಗೆ ಅಂದಾಜು 350 ಜೂಲ್ ಶಾಖ ಬಿಡುತ್ತದೆ, ಅದರಲ್ಲಿ ಬಹುಪಾಲು ಮೊದಲ ಕೆಲವೇ ದಿನಗಳಲ್ಲಿ. ಮನೆಯ ತಾರಸಿಯಂಥ ತೆಳುವಾದ ಹಾಸಿನಲ್ಲಿ ಅದು ಗಾಳಿಗೆ ಹೋಗಿಬಿಡುತ್ತದೆ. ಆದರೆ ಮೇಲುಸೇತುವೆ, ಮೆಟ್ರೊಗಳ ಬುನಾದಿಯಂಥ ದಪ್ಪ ಕಾಂಕ್ರೀಟಿನ ಒಡಲಿನಿಂದ ಶಾಖ ಹೊರಬರಲು ದಾರಿಯಿರುವುದಿಲ್ಲ. ಒಂದು ಘನಮೀಟರಿನಲ್ಲಿರುವ ಪ್ರತಿ 100 ಕಿಲೋ ಸಿಮೆಂಟಿಗೆ ಒಳಗಿನ ಉಷ್ಣತೆ ಹತ್ತು ಡಿಗ್ರಿಗೂ ಹೆಚ್ಚು ಏರಬಲ್ಲದು. ಹೊರಮೈ ತಣ್ಣಗಾಗಿ ಕುಗ್ಗುತ್ತಿರುವಾಗ ಒಳಭಾಗ ಬಿಸಿಯಾಗಿ ಹಿಗ್ಗಿಯೇ ಇದ್ದರೆ ಬಿರುಕು ಬಿಡುತ್ತದೆ. ಅದಕ್ಕೇ ಇಂಜಿನಿಯರುಗಳು ಒಳಗಿನ ಬಿಸಿ ಸುಮಾರು 70 ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತಾರೆ, ನೀರಿನ ಒಂದು ಪಾಲನ್ನು ಮಂಜುಗಡ್ಡೆಯ ರೂಪದಲ್ಲಿ ಹಾಕುತ್ತಾರೆ, ಸಿಮೆಂಟಿನ ಒಂದು ಭಾಗಕ್ಕೆ ಬದಲಾಗಿ ಹಾರುಬೂದಿಯನ್ನೋ ಉಕ್ಕಿನ ಕಾರ್ಖಾನೆಯ ಕಿಟ್ಟದ ಪುಡಿಯನ್ನೋ ಬೆರೆಸುತ್ತಾರೆ. ಹೊಸ ತಾರಸಿಯ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು ತಂಪು ಮಾಡುವುದಕ್ಕೆಂದು ಹಲವರು ತಿಳಿದಿದ್ದಾರೆ. ಮುಖ್ಯವಾಗಿ ಅದು ಕ್ರಿಯೆ ಮುಂದುವರಿಯಲು ಬೇಕಾದ ನೀರು ಆರಿಹೋಗದಿರಲೆಂದು.

ನಿಧಾನದ ಉರಿಯ ಅತ್ಯಂತ ಹತ್ತಿರದ ಉದಾಹರಣೆ ನಮ್ಮ ದೇಹ. 1782-83ರ ಚಳಿಗಾಲದಲ್ಲಿ ಪ್ಯಾರಿಸ್ಸಿನಲ್ಲಿ ಲವಾಸಿಯೇ ಮತ್ತು ಲಾಪ್ಲಾಸ್ ಒಂದು ಗಿನಿಯಿಲಿಯನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿಟ್ಟು, ಕರಗಿದ ನೀರನ್ನು ತೂಗಿ, ಅದರ ಉಸಿರಾಟವೂ ಇದ್ದಿಲಿನ ಉರಿಯೂ ಒಂದೇ ಜಾತಿಯ ಕ್ರಿಯೆಗಳೆಂದು ತೋರಿಸಿದರು. ದಿನಕ್ಕೆ 2,000 ಕಿಲೊಕ್ಯಾಲೊರಿಯ ಊಟ ಮಾಡುವ ವ್ಯಕ್ತಿ ಸರಾಸರಿ ಸುಮಾರು 100 ವ್ಯಾಟ್ ಶಾಖವನ್ನು ಹೊರಬಿಡುತ್ತಾನೆ. ಚೌಡಯ್ಯ ಸ್ಮಾರಕ ಭವನದಲ್ಲಿ ಸಾವಿರ ಮಂದಿ ಕಚೇರಿ ಕೇಳಲು ಕೂತರೆ 100 ಕಿಲೋವ್ಯಾಟ್. ಹಸಿ ಕಸದ ಗೊಬ್ಬರದ ರಾಶಿಯೊಳಗೆ ಕೈಯಿಡಲಾಗದಷ್ಟು, 55-60 ಡಿಗ್ರಿಯ ಬಿಸಿ ಏಳುವುದೂ ಸೂಕ್ಷ್ಮಜೀವಿಗಳ ಉಸಿರಾಟದಿಂದಲೇ. ಇಡ್ಲಿ ಹಿಟ್ಟು ಹುಳಿಯುವಾಗ ಮಾತ್ರ ಅಂಥ ಬಿಸಿ ಬರುವುದಿಲ್ಲ. ಸಕ್ಕರೆ ಪೂರ್ತಿ ಉರಿಯದೆ ಲ್ಯಾಕ್ಟಿಕ್ ಆಮ್ಲದಲ್ಲಿಯೇ ನಿಂತರೆ ಹೊರಬರುವ ಶಾಖ ಪೂರ್ಣ ಉರಿಯ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಡಿಸೆಂಬರಿನ ಬೆಂಗಳೂರಿನಲ್ಲಿ ಹಿಟ್ಟಿನ ಪಾತ್ರೆಯನ್ನು ಬೆಚ್ಚಗಿನ ಜಾಗದಲ್ಲಿಡಬೇಕಾಗುವುದು ಅದಕ್ಕೇ.

ಇನ್ನು ತಂಪಿನ ಕಡೆಯ ಮಾತು. ಲೋಟದ ತಳದಲ್ಲಿ ಸ್ವಲ್ಪ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ, ಅಷ್ಟೇ ಅಡುಗೆ ಸೋಡಾ ಹಾಕಿದರೆ ನೊರೆ ಉಕ್ಕುತ್ತದೆ. ಕುದಿಯುವಂತೆ ಕಾಣುವ ಆ ಲೋಟದಲ್ಲಿ ಥರ್ಮಾಮೀಟರಿನ ಪಾದರಸ ಕೆಳಗಿಳಿಯುವುದನ್ನು ಕಂಡಾಗ ವಿದ್ಯಾರ್ಥಿಗಳ ಮುಖದಲ್ಲಿ ಮೂಡುವ ಅಚ್ಚರಿ ನನಗೆ ಬಹಳ ಇಷ್ಟ, ಏಕೆಂದರೆ ಅದರ ಬೆನ್ನಿಗೇ ಒಳ್ಳೆಯ ಪ್ರಶ್ನೆಯೊಂದು ಬರುತ್ತದೆ: ಶಾಖ ಬೇಕೆನ್ನುವ ಕ್ರಿಯೆ, ಯಾರೂ ಬೆಂಕಿ ಹಚ್ಚದೆ, ತಾನಾಗಿಯೇ ಹೇಗೆ ನಡೆಯುತ್ತದೆ? ಯೂರಿಯಾ ಗೊಬ್ಬರ ನೀರಿನಲ್ಲಿ ಕರಗುವಾಗಲೂ ಇದೇ ಪ್ರಶ್ನೆ. ಒಂದು ಲೀಟರಿಗೆ 100 ಗ್ರಾಂ ಹಾಕಿದರೆ ನೀರು ಐದಾರು ಡಿಗ್ರಿ ತಣ್ಣಗಾಗುತ್ತದೆ. ಅಕ್ಬರನ ಅರಮನೆಯಲ್ಲಿ ಕುಡಿಯುವ ನೀರಿನ ಪಾತ್ರೆಯನ್ನು ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿಟ್ಟು ತಂಪು ಮಾಡುತ್ತಿದ್ದುದನ್ನು ಅಬುಲ್ ಫಜಲ್ ದಾಖಲಿಸಿದ್ದಾನೆ.

ಉತ್ತರ ಎಂಟ್ರೊಪಿಯಲ್ಲಿ, ಅಂದರೆ ಹರಡುವಿಕೆಯ ಅಳತೆಯಲ್ಲಿದೆ. ಕ್ರಿಯೆಯ ದಿಕ್ಕನ್ನು ಶಾಖವೊಂದೇ ನಿರ್ಧರಿಸುವುದಿಲ್ಲ. ಕಣಗಳು ಎಷ್ಟು ಬಗೆಯಲ್ಲಿ ಹರಡಿಕೊಳ್ಳಬಲ್ಲವು ಎಂಬುದೂ ನಿರ್ಧರಿಸುತ್ತದೆ, ಮತ್ತು ಉಷ್ಣತೆ ಏರಿದಷ್ಟೂ ಈ ಎರಡನೆಯ ಕಾರಣದ ಬಲ ಹೆಚ್ಚುತ್ತದೆ. ಸೋಡಾದೊಳಗೆ ಬಿಗಿಯಾಗಿದ್ದ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಕೋಣೆಯ ತುಂಬ ಹರಡಲು ಸಿಗುವ ಅವಕಾಶ ಎಷ್ಟು ದೊಡ್ಡದೆಂದರೆ, ಅದಕ್ಕೆ ಬೇಕಾದ ಅಲ್ಪ ಶಾಖವನ್ನು ಕ್ರಿಯೆ ಸುತ್ತಲಿನ ನೀರಿನಿಂದಲೇ ಪಡೆದುಕೊಳ್ಳುತ್ತದೆ. ಸುಣ್ಣಕಲ್ಲಿನಲ್ಲಿಯೂ ಅದೇ ಅನಿಲವಿದೆ, ಅದೇ ಅವಕಾಶವಿದೆ, ಆದರೆ ಬೇಕಾಗುವ ಶಾಖ ಮೋಲ್‌ಗೆ 178 ಕಿಲೋಜೂಲ್. ಮಾಮೂಲಿ ಉಷ್ಣತೆಯಲ್ಲಿ ಶಾಖದ ಕಡೆಯೇ ಭಾರವಾಗಿರುವುದರಿಂದ ಕಲ್ಲು ಕಲ್ಲಾಗಿಯೇ ಇರುತ್ತದೆ, ಗೋಡೆಯ ಸುಣ್ಣವೂ ಗಾಳಿಯಿಂದ ಅನಿಲವನ್ನು ಹೀರಿ ಕಲ್ಲಿನತ್ತ ಸಾಗುತ್ತದೆ. ಸುಮಾರು 900 ಡಿಗ್ರಿಯಲ್ಲಿ ಹರಡುವಿಕೆಯ ಕಡೆ ಗೆಲ್ಲುತ್ತದೆ, ಅನಿಲ ಕಲ್ಲನ್ನು ಬಿಟ್ಟು ಹೊರಡುತ್ತದೆ. ಸುಣ್ಣದ ಗೂಡಿನ ಕೆಲಸವೆಂದರೆ ಈ ಗಡಿಯನ್ನು ದಾಟಿಸುವುದು.

ಈ ಹೊರಡುವ ಅನಿಲ ಇಂದು ದೊಡ್ಡ ಚಿಂತೆಯ ವಿಷಯವಾಗಿದೆ. ಸಿಮೆಂಟ್ ತಯಾರಿಕೆಯಲ್ಲಿಯೂ ಸುಣ್ಣಕಲ್ಲನ್ನೇ ಸುಡಬೇಕಾದ್ದರಿಂದ, ಅಲ್ಲಿನ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂಧನದಿಂದ ಬಾರದೆ ಕಲ್ಲಿನಿಂದಲೇ ಬರುತ್ತದೆ. ಗೂಡಿಗೆ ಸೂರ್ಯನ ಶಕ್ತಿಯನ್ನೇ ಒದಗಿಸಿದರೂ ಆ ಪಾಲು ಕಡಿಮೆಯಾಗದು. ಕಡಿಮೆ ಮಾಡಬೇಕಾದರೆ ಸುಡುವ ವಸ್ತುವನ್ನೇ ಬದಲಿಸಬೇಕು. ಜೇಡಿಮಣ್ಣನ್ನು 700ರಿಂದ 800 ಡಿಗ್ರಿಯಲ್ಲಿ ಸುಟ್ಟರೆ ಅದೂ ಶಾಖ ಹೀರುತ್ತದೆ, ಆದರೆ ಹೊರಗೆ ಬಿಡುವುದು ನೀರಿನಾವಿಯನ್ನು ಮಾತ್ರ. ಹಾಗೆ ಸುಟ್ಟ ಮಣ್ಣು ಸುಣ್ಣದೊಂದಿಗೆ ಮಾಮೂಲಿ ಉಷ್ಣತೆಯಲ್ಲಿಯೇ ನಿಧಾನವಾಗಿ ಕೂಡಿ, ಶಾಖವನ್ನು ಹಿಂದಿರುಗಿಸುತ್ತ ಗಟ್ಟಿಯಾಗುತ್ತದೆ. ಸುಟ್ಟ ಜೇಡಿಮಣ್ಣು ಮತ್ತು ಸುಣ್ಣಕಲ್ಲಿನ ಪುಡಿ ಬೆರೆಸಿದ ಸಿಮೆಂಟನ್ನು ಇತ್ತೀಚಿನ ವರ್ಷಗಳಲ್ಲಿ ಭಾರತದಲ್ಲಿಯೂ ತಯಾರಿಸಿ ಪರೀಕ್ಷಿಸಿದ್ದಾರೆ. ಇಟ್ಟಿಗೆಯ ಪುಡಿಯನ್ನು ಸುಣ್ಣದೊಂದಿಗೆ ಅರೆದು ಮಾಡುವ ಸುರ್ಕಿ ಗಾರೆಯ ರಸಾಯನಶಾಸ್ತ್ರವೂ ಇದೇ. ಕೃಷ್ಣರಾಜಸಾಗರದ ಕಲ್ಲುಗಳನ್ನು ಹಿಡಿದು ನಿಲ್ಲಿಸಿರುವುದು ಆ ಗಾರೆ. 1930ರ ದಶಕದಲ್ಲಿ ಅಮೆರಿಕದ ಹೂವರ್ ಅಣೆಕಟ್ಟನ್ನು ಕಟ್ಟುವಾಗ ಕಾಂಕ್ರೀಟಿನ ಕಾವನ್ನು ಇಳಿಸಲು ಅದರೊಳಗೆ ಕೊಳವೆಗಳನ್ನು ಹುದುಗಿಸಿ ತಣ್ಣೀರು ಹರಿಸಬೇಕಾಯಿತು; ಕಲ್ಲುಗಳ ನಡುವಿನ ಸುರ್ಕಿ ತನ್ನ ಶಾಖವನ್ನು ಬಿಡುವ ನಿಧಾನಗತಿಗೆ ಅಂಥ ಏರ್ಪಾಡಿನ ಅಗತ್ಯವಿಲ್ಲ.